ಹೊಸದಾಗಿ ಹೊಣೆ ಹೊತ್ತ ಮುಖ್ಯ ಶಿಕ್ಷಕರಿಗೆ: ಹಾಜರಿ ಪುಸ್ತಕದಿಂದ ಮೊದಲಾಗುವ ನಾಯಕತ್ವ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಕುರ್ಚಿಗೆ ಬರುವವರಲ್ಲಿ ಹೆಚ್ಚಿನವರು ಅದಕ್ಕೆಂದೇ ಸಿದ್ಧರಾಗಿ ಬಂದವರಲ್ಲ. ಸೇವಾ ಹಿರಿತನದಿಂದ ಬಡ್ತಿ ದೊರೆತಿರುತ್ತದೆ, ಇಲ್ಲವೇ ಇದ್ದವರು ನಿವೃತ್ತರಾದ ಮರುದಿನ ಶಾಲೆಯ ಹಿರಿಯ ಶಿಕ್ಷಕರ ಹೆಗಲಿಗೆ ಪ್ರಭಾರ ಬಿದ್ದಿರುತ್ತದೆ. ನಿನ್ನೆಯವರೆಗೆ ಐದನೆಯ ತರಗತಿಯ ಗಣಿತವನ್ನು ನೋಡಿಕೊಂಡಿದ್ದವರು ಇಂದು ಬೀರುವಿನ ಬೀಗದ ಕೈ, ನಗದು ಪುಸ್ತಕ, ಬಿಸಿಯೂಟದ ಅಕ್ಕಿ, ಮಕ್ಕಳ ವಿವರಗಳನ್ನು ಏರಿಸುವ ಸ್ಯಾಟ್ಸ್ ತಂತ್ರಾಂಶದ ಪಾಸ್‌ವರ್ಡ್, ಸೋರುವ ಚಾವಣಿ, ಊರಿನ ಎರಡು ಗುಂಪುಗಳ ಜಗಳ, ಇವೆಲ್ಲಕ್ಕೂ ಉತ್ತರ ಹೇಳಬೇಕಾದವರಾಗುತ್ತಾರೆ. ಅಂಥವರಿಗೆ ನೆರವಾಗಲೆಂದು, ಮೊದಲ ದಿನದಿಂದ ಪ್ರಭಾರವನ್ನು ಮತ್ತೊಬ್ಬರಿಗೆ ಒಪ್ಪಿಸುವ ದಿನದವರೆಗೆ ಮಾಡಬೇಕಾದ ಕೆಲಸಗಳನ್ನು ಅವು ಎದುರಾಗುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ದಕ್ಷತೆ ಮತ್ತು ನೈತಿಕತೆ ಎಂಬ ಎರಡು ಗುಣಗಳನ್ನು ತರಬೇತಿಗಳಲ್ಲಿ ಬೇರೆ ಬೇರೆ ಅವಧಿಗಳಲ್ಲಿ ಹೇಳಿಕೊಡುವುದುಂಟು. ಶಾಲೆಯೊಳಗೆ ಕಳೆದ ವರ್ಷಗಳಲ್ಲಿ ನನಗೆ ಅವು ಒಂದೇ ಕೆಲಸದ ಎರಡು ಹೆಸರುಗಳೆಂದೇ ಕಂಡಿವೆ. ಹಾಜರಿಯನ್ನು ನಿಜವಾಗಿ ಬರೆಯುವ ಶಾಲೆಗೆ ಯಾವ ಮಗು ಕೈತಪ್ಪುತ್ತಿದೆ ಎಂಬುದು ಗೊತ್ತಿರುತ್ತದೆ. ಸುಳ್ಳು ಬರೆಯುವ ಶಾಲೆಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲದ ಮೇಲೆ ಎಷ್ಟೇ ಚುರುಕಾದ ಮುಖ್ಯ ಶಿಕ್ಷಕರಿದ್ದರೂ ಆ ಮಗುವಿಗೆ ಏನನ್ನೂ ಮಾಡಲಾಗದು. ಮುಂದಿನ ಮಾತುಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

ಮೊದಲ ವಾರ: ಎಣಿಸದೆ ಸಹಿ ಹಾಕಬೇಡಿ

ಪ್ರಭಾರ ಪಟ್ಟಿಗೆ ಸಹಿ ಹಾಕುವ ಮುನ್ನ ಅದರಲ್ಲಿರುವ ಪ್ರತಿಯೊಂದನ್ನೂ ಕಣ್ಣಾರೆ ನೋಡಿ. ಬ್ಯಾಂಕ್ ಪಾಸ್‌ಬುಕ್ಕನ್ನು ಅಂದಿನ ತಾರೀಖಿನವರೆಗೆ ನಮೂದಿಸಿಕೊಂಡು ಬಂದು ನಗದು ಪುಸ್ತಕದ ಶಿಲ್ಕಿನೊಂದಿಗೆ ತಾಳೆ ನೋಡಿ. ಅಕ್ಕಿ, ಬೇಳೆ, ಎಣ್ಣೆ ಮತ್ತು ಹಾಲಿನ ಪುಡಿಯನ್ನು ತೂಗಿಸಿ ದಾಸ್ತಾನು ವಹಿಯ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳಿ. ಕಂಪ್ಯೂಟರು, ಕ್ರೀಡಾ ಸಾಮಗ್ರಿ, ಗ್ರಂಥಾಲಯದ ಪುಸ್ತಕಗಳ ಎಣಿಕೆಗೆ ಎರಡು ದಿನ ಹಿಡಿದರೂ ಹಿಡಿಯಲಿ. ದಾಖಲಾತಿ ವಹಿಯಲ್ಲಿ ತಿದ್ದಿದ ಜನ್ಮದಿನಾಂಕಗಳಿದ್ದರೆ ಅವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಿ, ಏಕೆಂದರೆ ಹತ್ತು ವರ್ಷಗಳ ನಂತರ ಆ ತಿದ್ದುಪಡಿಗೆ ವಿವರಣೆ ಕೇಳಿಕೊಂಡು ಬರುವವರು ಅಂದು ಕುರ್ಚಿಯಲ್ಲಿರುವವರನ್ನೇ ಕೇಳುತ್ತಾರೆ.

ವ್ಯತ್ಯಾಸ ಕಂಡುಬಂದರೆ ಹಿಂದಿನವರ ಮೇಲೆ ಕೂಗಾಡಬೇಕಿಲ್ಲ, ಮುಚ್ಚಿಡಲೂ ಬಾರದು. ಅಕ್ಕಿ ವಹಿಯಲ್ಲಿ ಇಷ್ಟು, ತೂಕದಲ್ಲಿ ಇಷ್ಟು ಎಂದು ಪಟ್ಟಿಯಲ್ಲೇ ನಮೂದಿಸಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸಿದರೆ ಮುಗಿಯಿತು. ಹಿಂದಿನವರು ಹಿರಿಯರು, ಒಳ್ಳೆಯವರು, ನಿವೃತ್ತಿಯ ಅಂಚಿನಲ್ಲಿದ್ದವರು ಎಂಬ ದಾಕ್ಷಿಣ್ಯದಿಂದ ಎಣಿಸದೆ ಸಹಿ ಹಾಕಿದವರು ಮುಂದೆ ಕೊರತೆಯನ್ನು ತುಂಬಲು ಸಣ್ಣ ಸುಳ್ಳುಗಳನ್ನು ಬರೆಯತೊಡಗುತ್ತಾರೆ. ಅನೇಕ ಶಾಲೆಗಳಲ್ಲಿ ಅಪ್ರಾಮಾಣಿಕತೆ ಆಸೆಯಿಂದ ಹುಟ್ಟಿರುವುದಿಲ್ಲ, ಇಂಥ ಸಂಕೋಚದಿಂದ ಹುಟ್ಟಿರುತ್ತದೆ.

ಇದೇ ವಾರದಲ್ಲಿ ಎಲ್ಲ ತರಗತಿಗಳಿಗೂ ಹೋಗಿ ಕುಳಿತು ಬನ್ನಿ. ಏನನ್ನೂ ಬದಲಿಸಬೇಡಿ, ಯಾವ ಹೊಸ ನಿಯಮವನ್ನೂ ಘೋಷಿಸಬೇಡಿ. ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ, ನೀರಿನ ತೊಟ್ಟಿ ಕೊನೆಯ ಬಾರಿ ಯಾವಾಗ ತೊಳೆದದ್ದು, ವಿದ್ಯುತ್ ತಂತಿ ಎಲ್ಲಿ ಜೋತುಬಿದ್ದಿದೆ ಎಂಬುದನ್ನು ನೋಡಿ ಬರೆದುಕೊಳ್ಳಿ. ಚಿಲಕವಿಲ್ಲದ ಶೌಚಾಲಯಕ್ಕೆ ಆರನೆಯ ತರಗತಿಯ ಹೆಣ್ಣುಮಕ್ಕಳು ಹೋಗುವುದಿಲ್ಲ. ಬೆಳಗಿನಿಂದ ನೀರು ಕುಡಿಯದೆ ಕುಳಿತಿರುತ್ತಾರೆ. ಅದನ್ನು ಸರಿಪಡಿಸಲು ಯಾವ ಅನುದಾನಕ್ಕೂ ಕಾಯಬೇಕಾಗಿಲ್ಲ.

ಮೊದಲ ತಿಂಗಳು: ಹಾಜರಿಯನ್ನು ನಿಜವಾಗಿಸುವುದು

ಬಾರದ ಮಗುವಿಗೂ ಹಾಜರಿ ಹಾಕುವ ಅಭ್ಯಾಸ ಏಕೆ ಬಂತೆಂದು ಅರ್ಥಮಾಡಿಕೊಳ್ಳದೆ ಅದನ್ನು ನಿಲ್ಲಿಸಲಾಗದು. ಮಕ್ಕಳ ಸಂಖ್ಯೆ ಕುಸಿದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ. ಹಾಜರಾತಿ ಕಡಿಮೆಯಿದೆಯೆಂದು ಮಾಸಿಕ ಸಭೆಯಲ್ಲಿ ಎಲ್ಲರೆದುರು ಪ್ರಶ್ನೆ ಬರುತ್ತದೆ. ಬಡ ಮಗುವಿನ ವಿದ್ಯಾರ್ಥಿವೇತನ ತಪ್ಪೀತೆಂಬ ಕನಿಕರವೂ ಇರುತ್ತದೆ. ಈ ಕಾರಣಗಳಲ್ಲಿ ಕೆಲವು ಒಳ್ಳೆಯವೇ ಆಗಿರುವುದರಿಂದ ಸುಳ್ಳು ಸುಲಭವಾಗಿ ಒಗ್ಗಿಹೋಗುತ್ತದೆ.

ನಾನು ಸಹಶಿಕ್ಷಕನಾಗಿ ಸೇರಿದ ಆರಂಭದ ದಿನಗಳಲ್ಲಿ, ಸಂಖ್ಯೆ ಕಾಯ್ದುಕೊಳ್ಳಿ ಎಂದು ಹಿರಿಯರು ಹೇಳಿದ್ದನ್ನು ನಂಬಿ, ಏಳನೆಯ ತರಗತಿಯ ಒಬ್ಬ ಹುಡುಗಿಗೆ ಹನ್ನೊಂದು ದಿನ ಹಾಜರಿ ಹಾಕಿದ್ದೆ. ಹನ್ನೆರಡನೆಯ ದಿನ ಆಕೆಯ ತಮ್ಮ, ಅಕ್ಕನಿಗೆ ಸೋದರತ್ತೆಯ ಊರಿನಲ್ಲಿ ಮದುವೆಯಾಯಿತೆಂದು ತರಗತಿಯಲ್ಲಿ ಹೇಳಿದ. ಮೂರನೆಯ ದಿನವೇ ಗೈರುಹಾಜರಿ ಬರೆದು ಯಾರಾದರೂ ಆ ಮನೆಯ ಬಾಗಿಲು ತಟ್ಟಿದ್ದರೆ, 18 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ತಡೆಯಲು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಿತ್ತು, ಅಂಗನವಾಡಿ ಕಾರ್ಯಕರ್ತೆಯಿದ್ದರು, ಪೊಲೀಸ್ ಠಾಣೆಯಿತ್ತು. ಇವೆಲ್ಲ ಇದ್ದೂ ಪ್ರಯೋಜನವಾಗಲಿಲ್ಲ, ಏಕೆಂದರೆ ನನ್ನ ಪುಸ್ತಕದ ಪ್ರಕಾರ ಆ ಹನ್ನೊಂದು ದಿನವೂ ಅವಳು ಎರಡನೆಯ ಬೆಂಚಿನಲ್ಲೇ ಕುಳಿತಿದ್ದಳು.

ಆದ್ದರಿಂದ ಮೊದಲ ತಿಂಗಳಲ್ಲಿ ಹೀಗೆ ಮಾಡಿ. ಹಾಜರಿಯನ್ನು ಮೊದಲ ಅವಧಿಯಲ್ಲೇ, ಹೆಸರು ಕರೆದೇ, ಶಾಯಿಯಲ್ಲೇ ಬರೆಯಬೇಕೆಂದು ಸಭೆಯಲ್ಲಿ ಒಪ್ಪಿಸಿಕೊಳ್ಳಿ. ಪ್ರತಿದಿನ ಹನ್ನೊಂದು ಗಂಟೆಯೊಳಗೆ ನೀವೇ ಒಂದು ಸುತ್ತು ಹೋಗಿ ತಲೆ ಎಣಿಸಿ. ತರಗತಿಯ ಹಾಜರಿ, ಬಿಸಿಯೂಟಕ್ಕೆ ಕೊಟ್ಟ ಸಂಖ್ಯೆ ಮತ್ತು ತಂತ್ರಾಂಶಕ್ಕೆ ಏರಿಸಿದ ಅಂಕಿ, ಈ ಮೂರೂ ಒಂದೇ ಆಗಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಮಾತ್ರ ಸಹಿ ಹಾಕಿ. ಉದಾಹರಣೆಗೆ ಲೆಕ್ಕ ಹಾಕಿ ನೋಡಿ: ಕಿರಿಯ ಪ್ರಾಥಮಿಕ ಹಂತದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ನಿಗದಿಯಾಗಿದೆ. ಇರುವ ಮಕ್ಕಳು 62, ಬರೆದದ್ದು 70 ಎಂದಾದರೆ ದಿನಕ್ಕೆ 800 ಗ್ರಾಂ ಅಕ್ಕಿ ಕಾಗದದ ಮೇಲೆ ಬೇಯುತ್ತದೆ. 200 ದಿನಗಳಲ್ಲಿ ಅದು 160 ಕಿಲೋ. ಯಾರೂ ಮನೆಗೆ ಒಯ್ಯದಿದ್ದರೂ ಆ ಅಕ್ಕಿಗೆ ಮುಂದೊಂದು ದಿನ ಯಾರಾದರೂ ಲೆಕ್ಕ ಕೊಡಲೇಬೇಕು.

ನಿಜವಾದ ಹಾಜರಿ ಬರೆದ ಮೊದಲ ತಿಂಗಳು ನಿಮ್ಮ ಶಾಲೆಯ ಶೇಕಡಾವಾರು ಇಳಿಯುತ್ತದೆ, ಪ್ರಶ್ನೆಯೂ ಬರುತ್ತದೆ. ಆಗ ತೋರಿಸಲು ನಿಮ್ಮ ಬಳಿ ಮತ್ತೊಂದು ಪುಸ್ತಕವಿರಲಿ: ಸತತ ಮೂರು ದಿನ ಬಾರದ ಮಕ್ಕಳ ಹೆಸರು, ಯಾರು ಮನೆಗೆ ಹೋದರು, ಏನು ಕಾರಣ, ಮಗು ಯಾವಾಗ ಮರಳಿತು. ಮನೆಗೆ ಹೋಗುವಾಗ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ. ಕೆಲಸಕ್ಕೆ ಹೋದ ಅಪ್ಪ ಅಮ್ಮ ಮರಳುವ ಸಂಜೆ ಏಳರ ಹೊತ್ತಿಗೆ ಹೋದರೆ ಮಾತು ಸಿಗುತ್ತದೆ. ಮಧ್ಯಾಹ್ನ ಹೋದರೆ ಬೀಗ ಸಿಗುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿಯನ್ನೇ ಆಧರಿಸಿ 2013ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತ್ತು. ಅಂಥ ಮಕ್ಕಳನ್ನು ಹುಡುಕುವ ಕೆಲಸದ ಮೊದಲ ಮೆಟ್ಟಿಲು ಈ ಮೂರು ದಿನಗಳ ಪುಸ್ತಕವೇ.

ಕಬ್ಬು ಕಡಿಯಲೆಂದೋ ಬೆಂಗಳೂರಿನ ಕಟ್ಟಡ ಕೆಲಸಕ್ಕೆಂದೋ ಗುಳೆ ಹೋಗುವ ಕುಟುಂಬಗಳಿರುವ ಊರಾದರೆ, ಅವರು ಹೊರಡುವ ಮುನ್ನವೇ ಮಾತನಾಡಿ. ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಉಳಿಸಬಹುದೇ, ವಸತಿ ನಿಲಯದಲ್ಲಿ ಜಾಗವಿದೆಯೇ ಎಂದು ವಿಚಾರಿಸಿ. ಕರೆದುಕೊಂಡೇ ಹೋಗುವುದಾದರೆ ವರ್ಗಾವಣೆ ಪತ್ರವನ್ನು ಅಂದೇ ಬರೆದುಕೊಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆ ಪತ್ರವಿಲ್ಲವೆಂದು ಬೇರೆ ಶಾಲೆಯವರು ಪ್ರವೇಶವನ್ನು ತಡಮಾಡುವಂತಿಲ್ಲ, ಕೊಡಲು ವಿಳಂಬಿಸುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವುದನ್ನು ಅದೇ ಕಾಯ್ದೆಯ 14ನೇ ಸೆಕ್ಷನ್ ತಡೆಯುತ್ತದೆ. ನಿಮ್ಮ ಊರಿಗೆ ಗುಳೆ ಬಂದವರ ಮಕ್ಕಳ ವಿಷಯದಲ್ಲಿ ಇದನ್ನು ನೆನಪಿಡಿ.

ತರಗತಿಯೊಳಗೆ: ಓದು ಬರುತ್ತದೆಯೇ?

ಮುಖ್ಯ ಶಿಕ್ಷಕರಾದ ಮೇಲೆ ಪಾಠ ಮಾಡುವುದನ್ನು ಬಿಡಬೇಡಿ. ದಿನಕ್ಕೆ ಒಂದಾದರೂ ಅವಧಿ, ಸಾಧ್ಯವಾದರೆ ಕಷ್ಟವೆನಿಸುವ ತರಗತಿಯಲ್ಲೇ, ನೀವು ತೆಗೆದುಕೊಳ್ಳಿ. ಕಡತಗಳ ಒತ್ತಡದಲ್ಲಿ ಇದು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ, ಕೇಳುವುದು ನ್ಯಾಯವೂ ಹೌದು. ಆದರೂ ಮಕ್ಕಳ ಓದನ್ನು ಕಿವಿಯಾರೆ ಕೇಳದವರು ಸಹೋದ್ಯೋಗಿಗಳಿಗೆ ಬೋಧನೆಯ ಬಗ್ಗೆ ಹೇಳುವ ಮಾತಿಗೆ ತೂಕ ಬರುವುದಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ಸರಳ ಪರೀಕ್ಷೆ ಮಾಡಿ. ನಾಲ್ಕು ಮತ್ತು ಐದನೆಯ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಎರಡನೆಯ ತರಗತಿಯ ಕನ್ನಡ ಪಠ್ಯದ ಒಂದು ಪುಟವನ್ನು ಓದಿಸಿ. ಒಬ್ಬರಿಗೆ ಐದು ನಿಮಿಷ ಸಾಕು. ಒತ್ತಕ್ಷರದಲ್ಲಿ ತಡವರಿಸುವವರು ಯಾರು, ಅಕ್ಷರ ಗೊತ್ತಿದ್ದೂ ಪದ ಕೂಡಿಸಲಾರದವರು ಯಾರು, ಓದಿದ್ದರ ಅರ್ಥ ಹೇಳಲಾರದವರು ಯಾರು ಎಂದು ಹೆಸರಿನ ಮುಂದೆ ಬರೆಯಿರಿ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಇವರಲ್ಲಿ ಹಲವರಿಗೆ ಒಳ್ಳೆಯ ಶ್ರೇಣಿ ಸಿಕ್ಕಿರುವುದು ಆಗ ಕಣ್ಣಿಗೆ ಬೀಳಬಹುದು. ಹಾಗಾದರೆ ತರಗತಿ ಶಿಕ್ಷಕರನ್ನು ದೂರಬೇಡಿ, ಶ್ರೇಣಿಯನ್ನು ಮಾತ್ರ ಮುಂದಿನ ಬಾರಿಯಿಂದ ನಿಜಕ್ಕೆ ಹತ್ತಿರ ತನ್ನಿ ಎಂದು ಕೇಳಿಕೊಳ್ಳಿ. ಹಿಂದುಳಿದ ಮಕ್ಕಳನ್ನು ಗುಂಪು ಮಾಡಿ ದಿನಕ್ಕೆ ನಲವತ್ತು ನಿಮಿಷ ಓದಿಸುವ ವ್ಯವಸ್ಥೆಯನ್ನು ವೇಳಾಪಟ್ಟಿಯೊಳಗೇ ಸೇರಿಸಿ. ಶಾಲೆ ಬಿಟ್ಟ ಮೇಲೆ ಎಂದರೆ ಅದು ಒಂದು ವಾರ ನಡೆದು ನಿಲ್ಲುತ್ತದೆ.

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಹುಟ್ಟನ್ನು ಇಲ್ಲಿ ನೆನೆಯಬೇಕು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸಾಮಾನ್ಯ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ, ಅಲ್ಲಿ ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವ ಬಹುವರ್ಗ ಬೋಧನೆಯನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ರೂಪಿಸಿದರು. ಮುಂದೆ ಅದು ರಾಜ್ಯದ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಆ ಶಿಕ್ಷಕರ ಮೇಲಿನವರು ತಪ್ಪು ಹುಡುಕಲು ಬಂದಿದ್ದರೆ ಮೊದಲ ಕಾರ್ಡು ಕೂಡ ತಯಾರಾಗುತ್ತಿರಲಿಲ್ಲ. ನಿಮ್ಮ ಶಾಲೆಯ ಒಬ್ಬ ಶಿಕ್ಷಕಿ ಹೊಸದೇನನ್ನೋ ಮಾಡಿ ನೋಡುತ್ತೇನೆಂದಾಗ ಒಂದು ತಿಂಗಳ ಅವಕಾಶ ಕೊಡುವುದು, ಅದು ಫಲಿಸದಿದ್ದರೆ ಹೊಣೆಯನ್ನು ನಿಮ್ಮ ಮೇಲೆ ಹಾಕಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ.

ಸಹೋದ್ಯೋಗಿಗಳೊಡನೆ

ಪ್ರಭಾರಿ ಮುಖ್ಯ ಶಿಕ್ಷಕರ ಕಷ್ಟ ಬೇರೆಯೇ ಆದದ್ದು. ನಿನ್ನೆ ಒಂದೇ ಬೆಂಚಿನಲ್ಲಿ ಕುಳಿತು ಊಟ ಮಾಡಿದವರಿಗೆ ಇಂದು ರಜೆ ಮಂಜೂರು ಮಾಡಬೇಕು. ಇಲ್ಲಿ ಉಳಿಸುವುದು ಸಮಾನ ನಡವಳಿಕೆಯೊಂದೇ. ವೇಳಾಪಟ್ಟಿ, ರಜೆ, ಚುನಾವಣೆ ಮತ್ತು ಜನಗಣತಿಯಂತಹ ಕರ್ತವ್ಯದ ಸರದಿ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದೊಯ್ಯುವ ಹೊಣೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾರಿಗೆ ಎಷ್ಟು ಎಂಬುದು ಎಲ್ಲರಿಗೂ ಕಾಣುವಾಗ ಪಿಸುಮಾತು ಕಡಿಮೆಯಾಗುತ್ತದೆ. ತಡವಾಗಿ ಬರುವವರಿಗೆ ಎಲ್ಲರ ಮುಂದೆ ಹೇಳಬೇಡಿ, ಒಬ್ಬರೇ ಇರುವಾಗ ಹೇಳಿ, ಎರಡನೆಯ ಬಾರಿಯೂ ಹಾಗೆಯೇ ಹೇಳಿ, ಮೂರನೆಯ ಬಾರಿ ಬರೆದುಕೊಡಿ. ಶಾಲಾ ಸಮಯದಲ್ಲಿ ಹೊರಹೋಗುವುದನ್ನು ಬರೆಯುವ ಚಲನವಲನ ವಹಿಯಲ್ಲಿ ಮೊದಲು ನಮೂದಾಗಬೇಕಾದದ್ದು ನಿಮ್ಮದೇ ಹೊರಹೋಗುವಿಕೆ.

ಅತಿಥಿ ಶಿಕ್ಷಕರನ್ನು ಸಭೆಗೆ ಕರೆಯುವುದನ್ನೇ ಕೆಲವು ಶಾಲೆಗಳು ಮರೆಯುತ್ತವೆ. ವರ್ಷವಿಡೀ ಪಾಠ ಮಾಡುವ ಅವರ ಗೌರವಧನದ ಬಿಲ್ಲನ್ನು ತಿಂಗಳ ಮೊದಲ ದಿನಗಳಲ್ಲೇ ಕಳುಹಿಸುವುದು, ಅವರಿಗೊಂದು ಕುರ್ಚಿ ಮತ್ತು ಬೀರುವಿನ ಒಂದು ಖಾನೆ ಕೊಡುವುದು ಮುಖ್ಯ ಶಿಕ್ಷಕರ ಕೆಲಸ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸುತ್ತದೆ ಎಂಬುದನ್ನು ಒಮ್ಮೆ ಎಲ್ಲರಿಗೂ ಸ್ಪಷ್ಟವಾಗಿ ಓದಿ ಹೇಳಿ.

ಅಡುಗೆಮನೆ

ಜುಲೈ 16 ಎಂಬ ದಿನಾಂಕವನ್ನು ಪ್ರತಿ ಮುಖ್ಯ ಶಿಕ್ಷಕರೂ ನೆನಪಿನಲ್ಲಿಡಬೇಕೆಂದು ನಾನು ಬಯಸುತ್ತೇನೆ. 2004ರ ಆ ದಿನ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ಸತ್ತರು. 2013ರ ಅದೇ ದಿನ ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಆ ಎಣ್ಣೆಯ ಬಗ್ಗೆ ಅಡುಗೆಯವರು ಅನುಮಾನ ಹೇಳಿದ್ದರೂ ಅಡುಗೆ ನಿಲ್ಲಲಿಲ್ಲವೆಂದು ಆಗ ವರದಿಯಾಯಿತು. 2016ರಲ್ಲಿ ಅಲ್ಲಿನ ನ್ಯಾಯಾಲಯ ಮುಖ್ಯ ಶಿಕ್ಷಕಿಯನ್ನು ತಪ್ಪಿತಸ್ಥರೆಂದು ತೀರ್ಪಿತ್ತಿತು.

ಈ ಎರಡು ಘಟನೆಗಳಿಂದ ನಿಮ್ಮ ಶಾಲೆಗೆ ಬರುವ ಕೆಲಸಗಳು ಹೀಗಿವೆ. ಕೀಟನಾಶಕ, ಫಿನಾಯಿಲು, ಆಸಿಡ್ ಇವುಗಳಲ್ಲಿ ಯಾವುದೂ ಆಹಾರ ಪದಾರ್ಥಗಳಿರುವ ಕೋಣೆಯಲ್ಲಿ ಇರಬಾರದು, ಇವುಗಳ ಖಾಲಿ ಡಬ್ಬಿಯೂ ಇರಬಾರದು. ಗ್ಯಾಸ್ ಸಿಲಿಂಡರಿನ ಕೊಳವೆ, ರೆಗ್ಯುಲೇಟರ್‌ಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ. ಬಡಿಸುವ ಮುನ್ನ ಒಬ್ಬ ಶಿಕ್ಷಕರೂ ಸಮಿತಿಯ ಒಬ್ಬ ಪೋಷಕರೂ ನಿಜವಾಗಿ ಉಂಡು ನೋಡಿ, ರುಚಿ ವಹಿಯಲ್ಲಿ ಸಹಿ ಹಾಕಬೇಕು. ವಾರದ ಕೊನೆಯಲ್ಲಿ ಆರೂ ದಿನದ ಸಹಿಯನ್ನು ಒಟ್ಟಿಗೆ ಹಾಕುವ ವಹಿಗೆ ಬೆಲೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ಸಾರ್, ಇದು ಯಾಕೋ ಸರಿಯಿಲ್ಲ’ ಎಂದು ಅಡುಗೆಯವರು ಹೇಳಿದ ಕ್ಷಣದಲ್ಲಿ ಒಲೆ ಆರಬೇಕು. ಹೀಗೆ ಹೇಳುವ ಧೈರ್ಯ ಅವರಿಗೆ ಬರಬೇಕಾದರೆ ಉಳಿದ ದಿನಗಳಲ್ಲಿ ನೀವು ಅವರನ್ನು ಹೆಸರು ಹಿಡಿದು, ಬಹುವಚನದಲ್ಲಿ ಮಾತನಾಡಿಸಿರಬೇಕು. ಶಾಲೆಯಲ್ಲಿ ಅತಿ ಕಡಿಮೆ ಸಂಬಳದ ವ್ಯಕ್ತಿಯ ಮಾತಿಗೆ ಮುಖ್ಯಸ್ಥರು ನಿಂತು ಕಿವಿಗೊಡುತ್ತಾರೆಯೇ ಎಂಬುದರ ಮೇಲೆ ಮಕ್ಕಳ ಜೀವ ನಿಂತಿರುವ ಸಂದರ್ಭಗಳಿವೆ.

ಅಡುಗೆಯವರ ಜಾತಿಯ ಕಾರಣಕ್ಕೆ ಕೆಲವು ಮನೆಯವರು ಮಕ್ಕಳಿಗೆ ಊಟ ಮಾಡಬೇಡಿ ಎನ್ನುವ ಊರುಗಳು ಇಂದಿಗೂ ಇವೆ. ಇಂಥ ಕಡೆ ಅಡುಗೆಯವರನ್ನು ಬದಲಿಸಿ ತಣ್ಣಗಾಗಿಸುವ ಸಲಹೆ ಬರುತ್ತದೆ. ಒಪ್ಪಬೇಡಿ. ನೀವೂ ನಿಮ್ಮ ಸಹೋದ್ಯೋಗಿಗಳೂ ಮಕ್ಕಳ ಸಾಲಿನಲ್ಲೇ ಕುಳಿತು, ಅವರ ಕೈಯಿಂದಲೇ ಬಡಿಸಿಕೊಂಡು, ಪ್ರತಿದಿನ ಊಟ ಮಾಡಿ. ಸಾಲಿನಲ್ಲಿ ಮಕ್ಕಳು ಹೇಗೆ ಕೂರುತ್ತಾರೆ, ತಟ್ಟೆ ತೊಳೆಯುವ ಜಾಗದಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ ಎಂಬುದನ್ನು ಗಮನಿಸಿ. ಶೌಚಾಲಯ ತೊಳೆಯುವ, ಕಸ ಎತ್ತುವ ಕೆಲಸ ಸದಾ ಕೆಲವೇ ಮಕ್ಕಳ ಪಾಲಿಗೆ ಬೀಳುತ್ತಿದೆಯೇ ಎಂದು ವಿಚಾರಿಸಿ. ಶೌಚಾಲಯವನ್ನು ಯಾವ ಮಗುವಿನಿಂದಲೂ ತೊಳೆಸಕೂಡದು.

ಹಣ

ಇದರ ಬಗ್ಗೆ ಹೇಳುವುದು ಕಡಿಮೆ, ಮಾಡುವುದು ಪ್ರತಿದಿನ. ನಗದು ಪುಸ್ತಕವನ್ನು ಖರ್ಚಾದ ದಿನವೇ ಬರೆಯಿರಿ. ಅನುದಾನ ಬಂದ ವಾರದಲ್ಲೇ ಸಮಿತಿಯ ಸಭೆ ಕರೆದು, ಯಾವುದಕ್ಕೆ ಎಷ್ಟು ಎಂದು ಠರಾವು ಬರೆಸಿ, ಆ ನಂತರವೇ ಖರೀದಿ ಮಾಡಿ. ಹಳೆಯ ವಿದ್ಯಾರ್ಥಿಗಳು ಅಥವಾ ಊರ ದಾನಿಗಳು ಕೊಟ್ಟ ಹಣಕ್ಕೆ ಅದೇ ಕ್ಷಣ ರಸೀದಿ ಹರಿಯಿರಿ, ನಿಮ್ಮ ಸ್ವಂತ ಫೋನಿನ ಖಾತೆಗೆ ಎಂದೂ ಹಾಕಿಸಿಕೊಳ್ಳಬೇಡಿ. ವರ್ಷಕ್ಕೆ ಎರಡು ಬಾರಿ ಬಂದ ಹಣ, ಖರ್ಚು, ಉಳಿಕೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಸೂಚನಾ ಫಲಕಕ್ಕೆ ಹಾಕಿ. ಪೋಷಕರೊಬ್ಬರು ಅದರ ಮುಂದೆ ನಿಂತು ಓದುತ್ತಿರುವುದನ್ನು ನೋಡುವಾಗ ಸಿಗುವ ನಿರಾಳ ಬೇರಾವುದರಲ್ಲೂ ಇಲ್ಲ.

ಮಗುವೊಂದು ದೂರು ಹೇಳಿದಾಗ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೋಲು ಹಿಡಿಯದ ಶಾಲೆಯಲ್ಲಿ ಶಿಸ್ತು ಹೇಗೆ ಎಂದು ಒಳ್ಳೆಯ ಶಿಕ್ಷಕರೂ ಕೇಳುತ್ತಾರೆ. ಅವರೊಡನೆ ಕುಳಿತು, ಹೊಡೆತ ತಿನ್ನುತ್ತಿರುವ ಮಕ್ಕಳ ಹೆಸರು ಬರೆಯಿರಿ. ಹೆಚ್ಚಿನವರು ಓದಲು ಬಾರದ ಮಕ್ಕಳೇ ಆಗಿರುವುದು ಕಾಣುತ್ತದೆ. ಆ ಪಟ್ಟಿಯನ್ನು ಓದಿನ ಪಟ್ಟಿಯ ಪಕ್ಕ ಇಟ್ಟು ತೋರಿಸಿದಾಗ ಅನೇಕರ ಕೈಯಿಂದ ಕೋಲು ತಾನಾಗಿ ಕೆಳಗಿಳಿದದ್ದನ್ನು ನಾನು ಕಂಡಿದ್ದೇನೆ. ಕುಂಟ, ಕರಿಯ, ಕೇರಿಯವನು ಎಂಬಂತಹ ಮಾತುಗಳು ಕೋಲಿಗಿಂತ ಆಳಕ್ಕೆ ಹೋಗುತ್ತವೆ. ಶಿಕ್ಷಕರ ಕೊಠಡಿಯಲ್ಲಿ ಅವು ತಮಾಷೆಯಾಗಿ ಬಂದಾಗಲೂ ನೀವು ನಗಬಾರದು.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಾಗ ನಿಮ್ಮ ಮುಂದಿರುವುದು ಒಂದೇ ದಾರಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲನ್ಯಾಯ ಪೊಲೀಸ್ ಘಟಕಕ್ಕೆ ವರದಿ ಮಾಡಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಕೃತ್ಯವನ್ನು ವರದಿ ಮಾಡದೆ ಹೋದರೆ 21ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ. ಇದರಲ್ಲಿ ಶಾಲೆಯ ಹೆಸರು, ಊರಿನ ಮರ್ಯಾದೆ, ಆರೋಪಿಯ ಸೇವಾವಧಿ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ.

ಮಗು ಹೇಳಲು ಬಂದಾಗ ಮೊದಲು ಬಾಗಿಲು ತೆರೆದಿರುವ, ಆದರೆ ಬೇರೆಯವರಿಗೆ ಕೇಳಿಸದ ಜಾಗದಲ್ಲಿ ಕೂರಿಸಿ. ಮಗು ನಂಬುವ ಶಿಕ್ಷಕಿಯೊಬ್ಬರು ಜೊತೆಗಿರಲಿ. ಹೇಳಿದ್ದನ್ನು ಕೇಳಿ, ಅದರದೇ ಮಾತಿನಲ್ಲಿ ಬರೆದುಕೊಳ್ಳಿ, ದಿನಾಂಕ ಮತ್ತು ಸಮಯ ಹಾಕಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎಂದು ಹೇಳಿ. ಯಾರಿಗೂ ಹೇಳುವುದಿಲ್ಲವೆಂದು ಮಾತ್ರ ಮಾತು ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗಿದೆ. ಮತ್ತೆ ಮತ್ತೆ ಕೇಳುವುದು, ಆರೋಪಿಯ ಎದುರು ನಿಲ್ಲಿಸುವುದು, ಸಮಿತಿಯ ಸಭೆಯಲ್ಲಿ ಹೇಳಿಸುವುದು, ನಿಜವೋ ಸುಳ್ಳೋ ಎಂದು ನೀವೇ ವಿಚಾರಣೆಗೆ ಇಳಿಯುವುದು, ಇವೆಲ್ಲ ಮಗುವಿಗೆ ಎರಡನೆಯ ಬಾರಿ ಮಾಡುವ ಹಿಂಸೆ. ಪೋಷಕರಿಗೆ ತಿಳಿಸಿ, ತೊಂದರೆ ಪೋಷಕರಿಂದಲೇ ಆಗಿರುವ ಸುಳಿವಿದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಅದೇ ದಿನ ಲಿಖಿತ ದೂರು ಠಾಣೆಗೆ ಹೋಗಲಿ, ಸ್ವೀಕೃತಿ ಪಡೆಯಿರಿ, ಮೇಲಧಿಕಾರಿಗಳಿಗೂ ತಿಳಿಸಿ. ಮೇಲಿನವರ ಅನುಮತಿಗೆ ಕಾಯಬೇಕೆಂಬ ನಿಯಮ ಕಾಯ್ದೆಯಲ್ಲಿಲ್ಲ. ಮಗುವಿನ ಗುರುತು ಹೊರಬೀಳದಂತೆ ನೋಡಿಕೊಳ್ಳಿ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತರಗತಿಯ ಹೆಸರು ಹಾಕಿದರೂ ಸಣ್ಣ ಊರಿನಲ್ಲಿ ಗುರುತು ಸಿಕ್ಕಿಬಿಡುತ್ತದೆ.

ರಾಜಿ ಮಾಡಿಸೋಣ, ಹುಡುಗಿಯ ಭವಿಷ್ಯ ನೋಡಬೇಕಲ್ಲ ಎಂದು ಊರಿನ ಹಿರಿಯರು ಸಂಜೆ ನಿಮ್ಮ ಮನೆಗೆ ಬರುತ್ತಾರೆ. ಅವರಲ್ಲಿ ಕೆಲವರು ನಿಮಗೆ ಉಪಕಾರ ಮಾಡಿದವರೂ ಆಗಿರಬಹುದು. ದೂರು ಈಗಾಗಲೇ ಠಾಣೆಯಲ್ಲಿದೆ ಎಂದು ವಿನಯದಿಂದ ಹೇಳಿ ಕಾಫಿ ಕೊಟ್ಟು ಕಳುಹಿಸಿ. ಅದೇ ದಿನ ದೂರು ಕೊಡಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎಸ್‌ಡಿಎಂಸಿ ಮತ್ತು ಊರು

ಕರ್ನಾಟಕದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ಹುಟ್ಟಿದವು. ದೇಶದ ಶಿಕ್ಷಣ ಹಕ್ಕು ಕಾಯ್ದೆಗಿಂತ ಎಂಟು ವರ್ಷ ಮೊದಲು. ಸಮಿತಿಯಲ್ಲಿ ನಾಲ್ಕನೆಯ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲಾ ಅಭಿವೃದ್ಧಿ ಯೋಜನೆಯನ್ನು ಅದೇ ತಯಾರಿಸಬೇಕು ಎಂದು ಕೇಂದ್ರದ ಕಾಯ್ದೆ ಹೇಳುತ್ತದೆ. ಹಲವು ಕಡೆ ನಡೆಯುವುದು ಬೇರೆ: ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಕೂಲಿಗೆ ಹೋಗುವ ತಾಯಿ ಬೆಳಗ್ಗೆ ಹನ್ನೊಂದಕ್ಕೆ ಸಭೆಗೆ ಬರಲಾರರು. ಬಂದರೆ ಅವರ ಅಂದಿನ ಕೂಲಿ ಹೋಗುತ್ತದೆ. ಊರಿನ ಸಂತೆಯ ದಿನ ಅಥವಾ ಸಂಜೆ ಸಭೆ ಇಡಿ. ನಡಾವಳಿಯನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಿ, ಆಮೇಲೆ ಸಹಿ ಪಡೆಯಿರಿ. ಮೊದಲ ಎರಡು ಸಭೆಗಳಲ್ಲಿ ಅಧ್ಯಕ್ಷರ ಮಾತಷ್ಟೇ ನಡೆಯುತ್ತದೆ. ಮೂರನೆಯದರಲ್ಲಿ ಮೂಲೆಯಲ್ಲಿ ಕುಳಿತ ಒಬ್ಬ ತಾಯಿ, ನನ್ನ ಮಗನಿಗೆ ಇನ್ನೂ ಓದಲು ಬರುವುದಿಲ್ಲ ಯಾಕೆ ಎಂದು ಕೇಳಿದರೆ ಸಮಿತಿ ಕೆಲಸ ಆರಂಭಿಸಿದೆ ಎಂದೇ ತಿಳಿಯಿರಿ. ಆ ಪ್ರಶ್ನೆಗೆ ಉತ್ತರಿಸಲು ನಿಮ್ಮ ಓದಿನ ಪಟ್ಟಿ ಕೈಯಲ್ಲಿರಲಿ.

ಊರಿನ ಎರಡು ಪಕ್ಷಗಳಲ್ಲಿ ಒಂದರ ಮನೆಯಲ್ಲಿ ಊಟ, ಇನ್ನೊಂದರ ಮನೆಯಲ್ಲಿ ನಮಸ್ಕಾರ ಎಂಬಂತಾಗಬಾರದು. ಶಾಲೆಯ ಕಾರ್ಯಕ್ರಮದ ವೇದಿಕೆಯಲ್ಲಿ ಯಾರನ್ನು ಕೂರಿಸಬೇಕೆಂಬ ಜಗಳಕ್ಕೆ ನಮ್ಮಲ್ಲಿ ಒಮ್ಮೆ ಸಿಕ್ಕ ಪರಿಹಾರ ಸರಳವಾಗಿತ್ತು: ವೇದಿಕೆಯ ಮೇಲೆ ಮಕ್ಕಳು ಮಾತ್ರ, ಹಿರಿಯರೆಲ್ಲ ಕೆಳಗೆ ಒಂದೇ ಜಮಖಾನದ ಮೇಲೆ.

ನೀವೇ ತಪ್ಪಿದಾಗ

ತಪ್ಪುತ್ತೀರಿ. ಸರ್ವರ್ ಕೈಕೊಟ್ಟ ರಾತ್ರಿ ಅವಸರದಲ್ಲಿ ತಪ್ಪು ಅಂಕಿ ಏರಿಸುತ್ತೀರಿ, ಕೇಳದೆ ಒಬ್ಬ ಹುಡುಗನನ್ನು ಗದರುತ್ತೀರಿ. ಅಂಕಿಯನ್ನು ಮರುದಿನವೇ ತಿದ್ದಿ, ತಿದ್ದಿದ್ದನ್ನು ಬರೆದಿಡಿ. ಹುಡುಗನನ್ನು ಗದರಿದ್ದು ಪ್ರಾರ್ಥನೆಯ ಸಾಲಿನಲ್ಲಾದರೆ ಕ್ಷಮೆಯನ್ನೂ ಪ್ರಾರ್ಥನೆಯ ಸಾಲಿನಲ್ಲೇ ಕೇಳಿ. ಮುಖ್ಯ ಶಿಕ್ಷಕರು ಕ್ಷಮೆ ಕೇಳಿದ್ದನ್ನು ನೋಡಿದ ಶಾಲೆಯಲ್ಲಿ ಶಿಕ್ಷಕರು ತಮ್ಮ ತಪ್ಪುಗಳನ್ನು ಮುಚ್ಚಿಡುವುದು ಕಡಿಮೆಯಾಗುತ್ತದೆ, ತಪ್ಪುಗಳು ದೊಡ್ಡವಾಗುವ ಮೊದಲೇ ನಿಮ್ಮ ಬಳಿಗೆ ಬರುತ್ತವೆ.

ಬಿಟ್ಟುಕೊಡುವ ದಿನ

ವರ್ಗಾವಣೆಯೋ ನಿವೃತ್ತಿಯೋ ಬಂದೇ ಬರುತ್ತದೆ. ಮೂರು ತಿಂಗಳು ಮೊದಲೇ ನಗದು ಪುಸ್ತಕದ ಬಾಕಿ ಓಚರುಗಳನ್ನೂ ಬಳಕೆ ಪ್ರಮಾಣಪತ್ರಗಳನ್ನೂ ಮುಗಿಸಿ. ಒಬ್ಬ ಸಹಶಿಕ್ಷಕರಿಗೆ ತಂತ್ರಾಂಶದ ಕೆಲಸವನ್ನೂ ಮತ್ತೊಬ್ಬರಿಗೆ ಬಿಸಿಯೂಟದ ಲೆಕ್ಕವನ್ನೂ ಪೂರ್ತಿಯಾಗಿ ಕಲಿಸಿ. ನೀವಿಲ್ಲದೆ ಶಾಲೆ ಒಂದು ವಾರ ನಡೆಯುತ್ತದೆಯೇ ಎಂದು ರಜೆ ಹಾಕಿ ನೋಡಿ. ಹೊಸಬರು ಬಂದಾಗ ಅಕ್ಕಿಯನ್ನು ಅವರೆದುರೇ ತೂಗಿಸಿ, ಪುಸ್ತಕಗಳನ್ನು ಎಣಿಸಲು ಅವರಿಗೆ ಸಮಯ ಕೊಡಿ, ಅವಸರಪಡಿಸಬೇಡಿ.

ಪ್ರಭಾರ ಪಟ್ಟಿಯ ಜೊತೆಗೆ ನಿಯಮದಲ್ಲಿಲ್ಲದ ಇನ್ನೊಂದು ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಅವರ ಕೈಗೇ ಕೊಡಿ. ಅದರಲ್ಲಿ ಹತ್ತೋ ಹನ್ನೆರಡೋ ಮಕ್ಕಳ ಹೆಸರಿರಲಿ: ದೀಪಾವಳಿಯ ನಂತರ ಗುಳೆ ಹೋಗುವ ಮನೆಯ ಇಬ್ಬರು, ಅಮ್ಮನಿಲ್ಲದೆ ತಂಗಿಯನ್ನು ನೋಡಿಕೊಳ್ಳುವ ಆರನೆಯ ತರಗತಿಯ ಹುಡುಗಿ, ಕಿವಿ ಸರಿಯಾಗಿ ಕೇಳಿಸದ ಕಾರಣ ಮೊದಲ ಬೆಂಚಿನಲ್ಲಿ ಕೂರಿಸಬೇಕಾದವನು, ಸತತ ಮೂರು ದಿನ ಬಾರದಿದ್ದರೆ ಅಂದೇ ಸಂಜೆ ಮನೆಗೆ ಹೋಗಬೇಕಾದವಳು. ಪ್ರತಿ ಹೆಸರಿನ ಮುಂದೆ ಮನೆ ಎಲ್ಲಿ, ಯಾರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಬರೆದಿಡಿ.